ಪಾಲಿನ ಲೆನ್ಸು

ಸಂಕ್ರಾಂತಿಗೆ ಶುರು ಮಾಡಿ ಗೌರಿ ಹಬ್ಬದವರೆಗೂ ನಾನೊಂದು ಕ್ಯಾಮೆರಾ ಕೊಳ್ಳುತ್ತಲೇ ಇದ್ದೆ. ಅಂಗಡಿಗೆ ಹೋಗಿ ಬಂದೆ, ಗೊತ್ತಿದ್ದವರ ತಲೆ ತಿಂದೆ, ಮೊಬೈಲಿನಲ್ಲಿ ಹೊಸ ಕ್ಯಾಮೆರಾದ ಡಬ್ಬಿ ಬಿಚ್ಚಿ ತೋರಿಸುವವರ ವೀಡಿಯೊಗಳನ್ನೆಲ್ಲ ನೋಡಿದೆ. ಕೊಳ್ಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೆ. ರಾಮನಗರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವನು ನಾನು. ವಿವೇಕಿಯಾದ ಗ್ರಾಹಕ ತನಗೆ ತೃಪ್ತಿ ಎಲ್ಲಿ ಹೆಚ್ಚೋ ಅಲ್ಲಿಗೆ ಹೋಗುತ್ತಾನೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ಆ ಗ್ರಾಹಕನನ್ನು ನಾನು ಈವರೆಗೆ ಭೇಟಿಯಾಗಿಲ್ಲ. ನಮ್ಮ ಮನೆಯಲ್ಲಂತೂ ಅವನಿಲ್ಲ.

ಹಳೆಯ ಕ್ಯಾಮೆರಾಕ್ಕೆ ವಯಸ್ಸಾಗಿತ್ತು. ಅದು ಒಳಗೊಂದು ಕನ್ನಡಿ ಇರುವ ಕಾಲದ್ದು. ಗುಂಡಿ ಒತ್ತಿದಾಗ ಆ ಕನ್ನಡಿ ಎದ್ದು ಬೀಳಬೇಕು. ಇತ್ತೀಚೆಗೆ ಎದ್ದರೆ ಬೀಳುತ್ತಿರಲಿಲ್ಲ. ನನ್ನ ಮಂಡಿಯದು ಇದಕ್ಕೆ ಉಲ್ಟಾ, ಕೂತರೆ ಏಳುವುದಿಲ್ಲ. ನಾವಿಬ್ಬರೂ ಸೇರಿ ಬೆನ್ನು ಹತ್ತಿದರೆ ಯಾವ ಹಕ್ಕಿಗೂ ಗಾಬರಿಯಾಗುತ್ತಿರಲಿಲ್ಲ. ರಿಪೇರಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ಹಾಕುವ ದುಡ್ಡನ್ನು ಹೊಸದಕ್ಕೆ ಹಾಕಿ ಸಾರ್ ಎಂದ. ಕನ್ನಡಿಯ ಕ್ಯಾಮೆರಾಗಳ ಕಾಲವೇ ಮುಗಿಯಿತು ಎಂದೂ ಸೇರಿಸಿದ. ಹೊಸದು ಬೇಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಯಾವ ಕಂಪನಿಯದು ಎಂಬುದು ಆಗಲಿಲ್ಲ.

ಕಂಪನಿಗಳ ಹೆಸರು ಹೇಳುವುದಿಲ್ಲ, ಅವುಗಳ ಜಾಹೀರಾತಿಗೆ ಬೇರೆಯವರಿದ್ದಾರೆ. ಕತ್ತಿಗೆ ಹಾಕಿಕೊಳ್ಳುವ ಪಟ್ಟಿಯ ಮೇಲೆ ಒಂದರ ಹೆಸರು ಹಳದಿಯಲ್ಲಿರುತ್ತದೆ, ಇನ್ನೊಂದರದ್ದು ಕೆಂಪಿನಲ್ಲಿ. ಬೆಳಗಿನ ಹೊತ್ತು ಕಣ್ವ ಜಲಾಶಯದ ಏರಿಯ ಮೇಲೆ ಹಕ್ಕಿ ಹುಚ್ಚಿನವರು ಸೇರಿದಾಗ ನಾವು ಮೊದಲು ನೋಡುವುದು ಹಕ್ಕಿಯನ್ನಲ್ಲ, ಪಕ್ಕದವನ ಪಟ್ಟಿಯನ್ನು. ಹಳದಿಯವರು ಹಳದಿಯವರ ಪಕ್ಕದಲ್ಲಿ ನಿಲ್ಲುತ್ತಾರೆ. ಕೆಂಪಿನವರ ಹತ್ತಿರ ಲೋಕಾಭಿರಾಮವಾಗಿ ಮಾತಾಡುತ್ತಾರೆ, ಅಷ್ಟೇ. ನಾನು ಆಗ್ಗೆ ಹದಿಮೂರು ವರ್ಷದಿಂದ ಹಳದಿ.

ನಮ್ಮ ಸೀಮೆಗೆ ಇದು ಹೊಸದೇನಲ್ಲ. ಇಲ್ಲಿ ಟ್ರಾಕ್ಟರಿಗೂ ಮನೆತನವಿದೆ. ಕೆಂಪು ಟ್ರಾಕ್ಟರಿನ ಮನೆಯವರು ನೀಲಿಯದನ್ನು ಕೊಂಡರೆ ಊರಿನಲ್ಲಿ ಒಂದು ವಾರ ಅದೇ ಮಾತು. ಮಾಗಡಿಯಲ್ಲಿದ್ದ ನಮ್ಮ ಸೋದರಮಾವ ಮಗಳಿಗೆ ಗಂಡು ನೋಡುವಾಗ ಜಮೀನು ವಿಚಾರಿಸಿದರು, ಬೋರ್‌ವೆಲ್ ವಿಚಾರಿಸಿದರು, ಹುಡುಗನ ನಡತೆ ವಿಚಾರಿಸಿದರು. ಎಲ್ಲ ಒಪ್ಪಿಗೆಯಾದ ಮೇಲೆ ಗಂಡಿನ ಮನೆಯ ಕೊಟ್ಟಿಗೆಯಲ್ಲಿ ಬೇರೆ ಬಣ್ಣದ ಟ್ರಾಕ್ಟರ್ ಕಂಡು ಮುಖ ಸಪ್ಪಗೆ ಮಾಡಿಕೊಂಡರು. ಮದುವೆಯೇನೋ ಮಾಡಿದರು. ಆದರೆ ಕೆಟ್ಟು ನಿಂತಾಗ ಒಂದು ಬಿಡಿಭಾಗ ಕೇಳಿ ತರುವ ಹಾಗಿಲ್ಲದ ಮೇಲೆ ಅದೆಂಥ ನೆಂಟಸ್ತನ ಎಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಆಗ ನಾವೆಲ್ಲ ಬಾಯಿಗೆ ಟವಲ್ ಅಡ್ಡ ಹಿಡಿದು ನಕ್ಕಿದ್ದೆವು. ಕಳೆದ ವರ್ಷ ನನಗೆ ಮಾವ ಬಹಳ ನೆನಪಾದರು, ನಗು ಬರಲಿಲ್ಲ.

ಯಾಕೆಂದರೆ ನಾನು ಹಳದಿಯಾದದ್ದು ಕಂಪನಿಯ ಮೇಲಿನ ಪ್ರೀತಿಯಿಂದಲ್ಲ, ನಿಂಗರಾಜುವಿನಿಂದ. ಕೂಟಗಲ್ಲಿನ ನಿಂಗರಾಜು ಕಾಲೇಜಿನಲ್ಲಿ ನನ್ನ ಜೊತೆ ಓದಿದವನು; ಡಿಗ್ರಿ ಮುಗಿಸಿ ಊರಿನಲ್ಲೇ ಮಾವಿನ ತೋಟ, ಹಿಪ್ಪುನೇರಳೆ ನೋಡಿಕೊಂಡು ನಿಂತ. ಹಕ್ಕಿಯ ಹುಚ್ಚು ಮೊದಲು ಹತ್ತಿದ್ದು ಅವನಿಗೆ, ಅಂಟಿದ್ದು ನನಗೆ. ರಾಮದೇವರ ಬೆಟ್ಟದ ರಣಹದ್ದುಗಳನ್ನು ತೆಗೆಯಬೇಕು ಎಂಬುದು ಇಬ್ಬರ ಆಸೆ. ಅವು ಕೂರುವುದು ಎಟುಕದ ಬಂಡೆಯ ಅಂಚಿನಲ್ಲಿ; ಅದಕ್ಕೆ ತೋಳುದ್ದದ ಲೆನ್ಸು ಬೇಕು. ಅದನ್ನು ಒಬ್ಬನೇ ಕೊಳ್ಳುವ ತಾಕತ್ತು ಇಬ್ಬರಿಗೂ ಇರಲಿಲ್ಲ. ಆಗ ನಿಂಗರಾಜು, ಹಸುವನ್ನು ಪಾಲಿಗೆ ಸಾಕುವುದಿಲ್ಲವೇ, ಹಾಗೆಯೇ ಲೆನ್ಸನ್ನೂ ಸಾಕೋಣ ಎಂದ. ಅವನದು ಹಳದಿ ಕ್ಯಾಮೆರಾ, ಪಾಲಿನ ಲೆನ್ಸು ಇಬ್ಬರಿಗೂ ಕೂರಬೇಕಲ್ಲ, ನಾನೂ ಹಳದಿ ಕೊಂಡೆ.

ಕರಾರು ಸರಳವಾಗಿತ್ತು. ಒಂದು ವಾರ ಅವನ ಮನೆ, ಒಂದು ವಾರ ನನ್ನ ಮನೆ. ಭಾನುವಾರ ಬೆಳಗ್ಗೆ ಹಸ್ತಾಂತರ. ಲೆನ್ಸು ಮನೆಗೆ ಬಂದ ದಿನ ನಿಂಗರಾಜುವಿನ ಹೆಂಡತಿ ಭಾಗ್ಯಮ್ಮ ಅದಕ್ಕೆ ಕುಂಕುಮ ಇಟ್ಟು ನಿಂಬೆಹಣ್ಣು ನಿವಾಳಿಸಿದರು. ಆ ಕುಂಕುಮದ ಕಲೆ ಇನ್ನೂ ಅದರ ಕಂಠದಲ್ಲಿದೆ. ನಾವು ಲೆನ್ಸು ಕೊಳ್ಳುವ ಹೊತ್ತಿಗೆ ಬೆಟ್ಟದಲ್ಲಿ ರಣಹದ್ದುಗಳು ಅಪರೂಪವಾಗಿದ್ದವು ಎಂಬುದು ಬೇರೆ ಮಾತು. ಇಬ್ಬರೂ ಬಂಡೆಯ ಕಡೆ ಮುಖ ಮಾಡಿ ಕೂತು, ಚಟ್ನಿ ಹಚ್ಚಿದ ರಾಗಿ ರೊಟ್ಟಿ ತಿಂದು, ಬಂಡೆಯ ಫೋಟೊ ತೆಗೆದುಕೊಂಡು ಬರುತ್ತಿದ್ದೆವು. ನನ್ನ ಹತ್ತಿರ ಬಂಡೆಯ ಫೋಟೊಗಳು ಎಷ್ಟಿವೆ ಎಂದರೆ ನೋಡಿದವರು ನಾನು ಕ್ವಾರಿ ಹಿಡಿಯಲು ಹೊರಟಿದ್ದೇನೆ ಎಂದುಕೊಳ್ಳಬೇಕು.

ಆಮೇಲೆ ನಿಂಗರಾಜುವಿನ ಕಣ್ಣು ಹೋಗತೊಡಗಿತು. ಸಕ್ಕರೆ ಕಾಯಿಲೆ. ಮಾತ್ರೆಯನ್ನು ಮಾವಿನ ಕಾಲದಲ್ಲಿ ಮರೆಯುತ್ತಿದ್ದ, ರೇಷ್ಮೆ ಹುಳದ ಕಾಲದಲ್ಲೂ ಮರೆಯುತ್ತಿದ್ದ. ಬೆಂಗಳೂರಿನಲ್ಲಿ ಲೇಸರ್ ಆಯಿತು, ಕಣ್ಣಿಗೇ ಚುಚ್ಚುವ ಇಂಜೆಕ್ಷನ್ ಆಯಿತು. ಉಳಿದಿರುವುದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಹೋದದ್ದು ನಟ್ಟನಡುವಿನ ನೋಟ. ಅಂಚಿನಲ್ಲಿರುವುದು ಅವನಿಗೆ ಕಾಣುತ್ತದೆ, ನೇರಕ್ಕಿರುವುದು ಮಬ್ಬು. ಮಾತಾಡುವಾಗ ಅವನು ಮುಖ ಒಸಿ ಓರೆ ಮಾಡಿಕೊಳ್ಳುತ್ತಾನೆ. ಗೊತ್ತಿಲ್ಲದವರು ಇವನಿಗೆ ನಮ್ಮ ಮೇಲೆ ಏನೋ ಸಿಟ್ಟು ಎಂದುಕೊಳ್ಳುತ್ತಾರೆ. ಒಂದು ದಿನ ನಾನು ಎದುರಿಗೆ ಕುರ್ಚಿ ಎಳೆದುಕೊಂಡಾಗ ಅವನೇ ಹೇಳಿದ:

"ಪಕ್ಕಕ್ಕೆ ಬಾರ್ಲಾ ಮೇಷ್ಟ್ರೆ. ಪಕ್ಕದಲ್ಲಿದ್ರೆ ಕಾಣ್ತೀಯ, ಎದುರ್ಗೆ ಬಂದ್ರೆ ಇಲ್ಲ."

ಅವನು ಕ್ಯಾಮೆರಾ ಮುಟ್ಟಿ ಎರಡು ವರ್ಷವಾಗುತ್ತ ಬಂದಿತ್ತು. ಆದರೂ ಪಾಲಿನ ಕರಾರು ತಪ್ಪಲಿಲ್ಲ. ಅವನು ಬೈಕ್ ಬಿಟ್ಟ ಮೇಲೆ ಎರಡೂ ಭಾನುವಾರ ನಾನೇ ಹೋಗುತ್ತಿದ್ದೆ. ಒಂದು ಭಾನುವಾರ ಲೆನ್ಸು ಕೊಟ್ಟು ಬರಲು, ಇನ್ನೊಂದು ಭಾನುವಾರ ತರಲು. ಅವನ ವಾರದಲ್ಲಿ ಅದು ಬೂಸಲು ಹಿಡಿಯದ ಹಾಗೆ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಸುಮ್ಮನೆ ಮಲಗಿರುತ್ತಿತ್ತು. ಅವನು ತೆಗೆಯುತ್ತಿಲ್ಲ ಎಂಬುದು ನನಗೆ ಗೊತ್ತು, ನನಗೆ ಗೊತ್ತು ಎಂಬುದು ಅವನಿಗೆ ಗೊತ್ತು. ಈ ವಾರ ಏನು ಸಿಕ್ಕಿತು ಎಂದು ನಾನು ಕೇಳುತ್ತಿರಲಿಲ್ಲ. ಇನ್ನು ನಿನ್ನ ಹತ್ತಿರವೇ ಇರಲಿ ಎಂದು ಅವನೂ ಅನ್ನುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಕಣ್ವದ ಏರಿಯ ಮೇಲೆ ಕನಕಪುರದ ಹಲ್ಲಿನ ಡಾಕ್ಟರೊಬ್ಬರು ತಮ್ಮ ಹೊಸ ಕ್ಯಾಮೆರಾವನ್ನು ನನ್ನ ಕೈಗಿಟ್ಟರು. ಕೆಂಪು ಪಟ್ಟಿಯದು. ನೀರಿನ ಮೇಲೆ ಬಾಗಿದ ಜಾಲಿ ಕೊಂಬೆಯಲ್ಲಿ ಒಂದು ಮಿಂಚುಳ್ಳಿ ಕೂತಿತ್ತು. ನನ್ನ ಕೈ ಹಳದಿಯ ಅಭ್ಯಾಸಕ್ಕೆ ಲೆನ್ಸಿನ ಬಳೆಯನ್ನು ಎಡಕ್ಕೆ ತಿರುಗಿಸಿತು, ಪರದೆಯಲ್ಲಿ ಹತ್ತಿರ ಬರಬೇಕಾದ ಹಕ್ಕಿ ದೂರ ಓಡಿತು. ಇವರ ಕಂಪನಿಯದು ಬಲಕ್ಕೆ. ಸರಿ ಮಾಡಿಕೊಂಡು ನೋಡಿದರೆ, ಪರದೆಯ ಮೇಲೆ ಒಂದು ಚೌಕ ತಾನಾಗಿಯೇ ಹೋಗಿ ಮಿಂಚುಳ್ಳಿಯ ಕಣ್ಣಿನ ಮೇಲೆ ಕೂತುಬಿಟ್ಟಿತು. ಹಕ್ಕಿ ತಲೆ ತಿರುಗಿಸಿದರೆ ಚೌಕವೂ ತಿರುಗಿತು. ಅದು ಕಣ್ಣು ಹುಡುಕುತ್ತದೆ ಸಾರ್, ನಿಮ್ಮ ಹಳದಿಯವರದ್ದಕ್ಕಿಂತ ಚುರುಕು ಎಂದರು ಡಾಕ್ಟರು. ಆ ಫೋಟೊದಷ್ಟು ಚೊಕ್ಕವಾದದ್ದನ್ನು ನಾನು ಜನ್ಮದಲ್ಲಿ ತೆಗೆದಿರಲಿಲ್ಲ. ಖುಷಿಯಾಯಿತು. ಆಮೇಲೆ, ಕಣ್ಣು ಹುಡುಕುವ ಯಂತ್ರವನ್ನು ಕೈಯಲ್ಲಿ ಹಿಡಿದುಕೊಂಡು, ನಿಂಗರಾಜುವಿನ ನೆನಪಾಯಿತು. ಸ್ಕೂಟರಿನಲ್ಲಿ ರಾಮನಗರಕ್ಕೆ ವಾಪಸು ಬರುವಾಗ ದಾರಿಯುದ್ದಕ್ಕೂ ಮನಸ್ಸು ಸರಿಯಿರಲಿಲ್ಲ.

ನನಗೆ ಅದು ಬೇಕಾಗಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ಬಹಳ ಬೇಕಾಗಿತ್ತು. ಆದರೆ ಪಾಲಿನ ಲೆನ್ಸು ಅದಕ್ಕೆ ಕೂರುವುದಿಲ್ಲ. ನಡುವೆ ಒಂದು ಜೋಡಣೆಯ ಬಳೆ ಹಾಕಿ ಕೂರಿಸಬಹುದಂತೆ, ಆದರೆ ಆಗ ಅದು ಕಣ್ಣು ಹುಡುಕುವುದಿಲ್ಲ, ಮತ್ತೆ ಯಾತಕ್ಕೆ? ನಾನು ಕೆಂಪಿಗೆ ಹೋದರೆ ಲೆನ್ಸಿಗೆ ನಮ್ಮ ಮನೆಯಲ್ಲಿ ಕೆಲಸವಿಲ್ಲ. ಅವನ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲದೆ ಎರಡು ವರ್ಷವಾಯಿತು ಎಂಬುದನ್ನು ಆಗ ಬಾಯಿಬಿಟ್ಟು ಹೇಳಬೇಕು. ಇನ್ನು ನೀನು ತೆಗೆಯುವುದಿಲ್ಲ ಕಣಯ್ಯ ಎಂದು ಹೇಳುವವನು ನಾನಾಗಬೇಕು. ನಮ್ಮ ಶಾಸ್ತ್ರದಲ್ಲಿ ಬದಲಾವಣೆಯ ವೆಚ್ಚ ಎಂಬ ಮಾತಿದೆ: ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಕೈಬಿಟ್ಟು ಹೋಗುವುದರ ಲೆಕ್ಕ. ಅದನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆ ಲೆಕ್ಕದಲ್ಲಿ ನಿಂಗರಾಜುವನ್ನು ಯಾವ ಕಡೆ ಬರೆಯಬೇಕೋ ತಿಳಿಯಲಿಲ್ಲ.

ನನ್ನ ಹೆಂಡತಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. "ಯಾವುದಾದ್ರೂ ಒಂದು ತಗೊಳ್ರಿ, ಹಕ್ಕಿಗೇನು ಗೊತ್ತಾಗುತ್ತೆ" ಎಂದಳು. ಮೂರನೆಯ ಸಲ ಹಾಗೆಂದ ಮೇಲೆ, ನನಗೆ ಹೇಳದೆ, ಭಾಗ್ಯಮ್ಮನಿಗೆ ಫೋನ್ ಮಾಡಿದಳು.

ಇದು ಗೊತ್ತಿಲ್ಲದೆ ಗೌರಿ ಹಬ್ಬದ ಮುಂದಿನ ಭಾನುವಾರ ನಾನು ಹಳೆಯ ಕ್ಯಾಮೆರಾವನ್ನೂ ಹೆಗಲಿಗೆ ಹಾಕಿಕೊಂಡು ಕೂಟಗಲ್ಲಿಗೆ ಹೋದೆ. ಆ ವಾರ ಲೆನ್ಸು ನನ್ನ ಮನೆಗೆ ಬರುವ ಸರದಿ. ದಾರಿಯಲ್ಲಿ ಹೇಳಬೇಕಾದ ಮಾತನ್ನು ಹೊಂದಿಸಿಕೊಂಡೆ. ಪಡಸಾಲೆಯಲ್ಲಿ ಅವನನ್ನು ಕಂಡೊಡನೆ ಎಲ್ಲ ಮರೆತುಹೋಯಿತು. ಸ್ಟೀಲ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾನು ಅವನ ಪಕ್ಕದಲ್ಲಿ ಕೂತೆ. ಮಳೆ ಇಲ್ಲದ್ದು, ಮಾವಿಗೆ ಈ ಸಲ ರೇಟ್ ಇಲ್ಲದ್ದು, ಎಲ್ಲ ಮಾತಾಡಿದ. ಆಮೇಲೆ ಅದೇ ಧಾಟಿಯಲ್ಲಿ ಕೇಳಿದ:

"ಕೆಂಪ್ ಪಟ್ಟಿಗೆ ಹೊಂಟಿದ್ದೀಯಂತೆ."

ಇನ್ನೂ ತೀರ್ಮಾನ ಮಾಡಿಲ್ಲ ಎಂದೆ.

"ಅದು ಕಣ್ಣ ಹುಡುಕ್ತದಂತಲ್ಲ. ಹಕ್ಕಿದ್ ಮಾತ್ರನಾ, ಮನುಷ್ರುದೂನಾ?"

ಎರಡೂ ಎಂದೆ.

"ಹಂಗಾರೆ ತಗಂಡು ಬಾ. ನಂದ್ರಲ್ಲಿ ಇನ್ನೇನಾದ್ರೂ ಉಳ್ದೈತಾ ನೋಡವ."

ಅವನು ನಕ್ಕ. ನನಗೆ ಆಗಲಿಲ್ಲ. ಭಾಗ್ಯಮ್ಮ ಕಾಫಿ ತಂದಿಟ್ಟು, ಏನೂ ಕೇಳಿಸದವರ ಹಾಗೆ ಒಳಗೆ ಹೋದರು. ನಿಂಗರಾಜು ಡಬ್ಬ ತೆಗೆದು ಲೆನ್ಸನ್ನು ಎತ್ತಿಕೊಂಡ, ನನ್ನ ಹೆಗಲಿನ ಕ್ಯಾಮೆರಾಕ್ಕೆ ಕೈ ಚಾಚಿದ, ಎರಡನ್ನೂ ತಡವಿ ಒಂದಕ್ಕೊಂದು ಕೂರಿಸಿದ. ಕಟ್ ಎಂದು ಸದ್ದಾಯಿತು. ಬಿಚ್ಚಿದ, ಮತ್ತೆ ಕೂರಿಸಿದ. ಆ ಸದ್ದು ಕೇಳುವುದೇ ಅವನಿಗೆ ಬೇಕಾಗಿತ್ತು ಎಂದು ಕಾಣುತ್ತದೆ. ನನಗೆ ಸುಮ್ಮನೆ ಕೂರಲಾಗಲಿಲ್ಲ. ತಡೆಯಲಾರದೆ, ಲೆನ್ಸನ್ನು ಮಾರಿಬಿಡೋಣ, ಬಂದದ್ದನ್ನು ಹಂಚಿಕೊಳ್ಳೋಣ ಎಂದುಬಿಟ್ಟೆ. ಅಂದ ತಕ್ಷಣ ಅನ್ನಬಾರದಿತ್ತು ಎನಿಸಿತು.

ಅವನು ಲೆನ್ಸನ್ನು ಬಟ್ಟೆಯಲ್ಲಿ ಒರೆಸುತ್ತ ಹೇಳಿದ:

"ಕ್ಯಾಮೆರಾ ನಿಂದು, ಯಾವ್ದಾನಾ ತಗಾ. ಅದ್ರಲ್ಲಿ ನಂದೇನಿಲ್ಲ. ಲೆನ್ಸು ಪಾಲಿಂದು ಕಣ್ಲಾ. ಅದ್ರ ವಾರ ತಪ್ಪಿಸ್ಬ್ಯಾಡ. ಭಾನ್ವಾರ ಬೆಳಗಾದ್ರೆ ಯಾರೋ ಬತ್ತಾರೆ ಅಂತ ನಂಗೊಂದು ಗ್ಯಾನ ಇರ್ತದೆ."

ನಾನು ಆಗಲಿ ಎಂದೆ. ಕಾಫಿ ಆರಿತ್ತು, ಕುಡಿದೆ.

ಕೆಂಪು ಪಟ್ಟಿಯ ಕ್ಯಾಮೆರಾ ಕೊಂಡು ಈಗ ಕೆಲವು ತಿಂಗಳಾಗಿದೆ. ಕಣ್ವದ ಏರಿಯ ಮೇಲೆ ನನ್ನ ಹಳೆಯ ಬಳಗದವರು ಒಸಿ ದೂರ ನಿಲ್ಲುತ್ತಾರೆ. ಕೈ ಇನ್ನೂ ಎಡಕ್ಕೇ ತಿರುಗಿಸುತ್ತದೆ, ಹಕ್ಕಿ ಇನ್ನೂ ದೂರ ಓಡುತ್ತದೆ. ಕೊಂಡ ಮೇಲೆ ಮೊದಲು ತೆಗೆದದ್ದು ನಿಂಗರಾಜುವಿನ ಫೋಟೊ. ಅವನು ಕೇಳಿದ್ದನಲ್ಲ, ಎದುರಿಗೆ ನಿಂತು ಹಿಡಿದೆ. ಚೌಕ ಒಂದು ಕ್ಷಣವೂ ತಡಮಾಡದೆ ಹೋಗಿ ಅವನ ಕಣ್ಣಿನ ಮೇಲೆ ಕೂತಿತು. ಯಾವ ಕಣ್ಣಿಗೆ ಎಷ್ಟು ಕಾಣುತ್ತದೆ ಎಂದು ಅದಕ್ಕೇನು ಗೊತ್ತು. ಏನಾದ್ರೂ ಉಳ್ದೈತಾ ಎಂದು ಕೇಳಿದ. ಐತೆ ಎಂದೆ. ಫೋಟೊದಲ್ಲಿ ಅವನು ಮುಖ ಓರೆ ಮಾಡಿಕೊಂಡು ಬೇರೆಲ್ಲೋ ನೋಡುತ್ತಿರುವಂತಿದೆ. ಅವನು ನೋಡುತ್ತಿದ್ದದ್ದು ನನ್ನನ್ನೇ.

ನಮ್ಮಿಬ್ಬರಲ್ಲಿ ಯಾರಿಗೂ ಈಗ ಆ ಲೆನ್ಸಿನಿಂದ ಉಪಯೋಗವಿಲ್ಲ. ಅದನ್ನು ಬೆನ್ನಿಗೆ ಹಾಕಿಕೊಂಡು ಭಾನುವಾರ ಸ್ಕೂಟರ್ ಹತ್ತುವಾಗ ಎದುರುಮನೆಯವರು, ಏನು ಸಾರ್, ಬೆಟ್ಟಕ್ಕಾ ಎನ್ನುತ್ತಾರೆ. ಹೂಂ ಎನ್ನುತ್ತೇನೆ. ಈ ವಾರ ಅದು ಕೂಟಗಲ್ಲಿನಲ್ಲಿದೆ. ನಾಳೆ ಹೋಗಿ ತರಬೇಕು.