ಇವರ ಬಾಯಿಗೊಂದು ಆ್ಯಪ್

ಹಂಪಿ ರಸ್ತೆಯ ಕಡ್ಡಿರಾಂಪುರದಲ್ಲಿ ನಮ್ಮ ಮನೆ, ಮನೆಯ ಮುಂದೆಯೇ ನಮ್ಮದೊಂದು ಸಣ್ಣ ಹೊಟೇಲು. ಅದನ್ನು ನಡೆಸುತ್ತಿದ್ದ ನನ್ನ ಗಂಡನಿಗೆ ಲಕ್ವ ಹೊಡೆದು ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ಇವರಿಗೆ ಅರ್ಥವಾಗುತ್ತದೆ, ತಾವು ಹೇಳಬೇಕಾದ್ದು ಬಾಯಿಗೆ ಬರುವುದಿಲ್ಲ. ಚಿತ್ರ ಒತ್ತಿದರೆ ಮಾತಾಡುವ ಆ್ಯಪ್‌ಗಳಿರುತ್ತವೆ, ನೋಡಿ ಎಂದರು ಹೊಸಪೇಟೆಯ ಡಾಕ್ಟರು. ಇದ್ದವು. ಒಂದರಲ್ಲಿ ಬ್ರೆಡ್ಡಿನ ಚಿತ್ರ, ಇನ್ನೊಂದರಲ್ಲಿ ಬಾತ್‌ಟಬ್ಬು. ರೊಟ್ಟಿ ತಿಂದು ಬೆಳೆದ ಮನುಷ್ಯ ಬಾತ್‌ಟಬ್ಬು ಒತ್ತಿ ಏನು ಕೇಳಬೇಕು? ಎಐಗೆ ಹೇಳಿದರೆ ಅದೇ ಬರೆದುಕೊಡುತ್ತದೆಂದು ಎಲ್ಲರೂ ಅನ್ನುತ್ತಿದ್ದರು. ನಾನೇ ಒಂದು ಮಾಡಿಬಿಡೋಣ ಅಂದುಕೊಂಡೆ.

ಸಂಡೂರಿನ ಗಣಿ ಕಚೇರಿಯೊಂದರಲ್ಲಿ ವರ್ಷಗಟ್ಟಲೆ ಲಾರಿಗಳ ತೂಕವನ್ನು ಕಂಪ್ಯೂಟರಿಗೆ ಹಾಕಿದವಳು ನಾನು. ಇವರು ಹಾಸಿಗೆ ಹಿಡಿದ ಮೇಲೆ ಆ ಕೆಲಸ ಬಿಟ್ಟೆ. ಟೈಪು ಬರುತ್ತದೆ ಎಂಬ ಧೈರ್ಯ ಬಿಟ್ಟರೆ ಬೇರೆ ಬಂಡವಾಳ ಇರಲಿಲ್ಲ. ಇವರಿಗೆ ಸ್ನಾನ ಮಾಡಿಸಿ, ಉಣಿಸಿ, ಬಟ್ಟೆ ಒಗೆದು ಬಂದು ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತರೆ ಕಣ್ಣು ಎಳೆಯುತ್ತಿತ್ತು. ಬೇಕಾದ್ದನ್ನು ಕನ್ನಡದಲ್ಲೇ ಬರೆಯುತ್ತಿದ್ದೆ. ಅದು ಕೋಡು ಕೊಡುತ್ತಿತ್ತು, ಹೇಳಿದ ಕಡೆ ಅಂಟಿಸುತ್ತಿದ್ದೆ, ಪರದೆ ತುಂಬ ಕೆಂಪು ಅಕ್ಷರ ಬರುತ್ತಿತ್ತು. ಆ ಕೆಂಪನ್ನೇ ಎತ್ತಿ ಅದರ ಮುಂದೆ ಹಾಕಿದರೆ, ಕ್ಷಮಿಸಿ, ತಪ್ಪು ನನ್ನದೇ ಎಂದು ಹೊಸ ಕೋಡು. ಅದಕ್ಕೆ ಹೊಸ ಕೆಂಪು. ನಮ್ಮ ಮನೆತನದಲ್ಲಿ ಯಾರೂ ಯಾರಿಗೂ ಇಷ್ಟು ಸಲ ಕ್ಷಮೆ ಕೇಳಿದ್ದಿಲ್ಲ. ಕೊನೆಗೊಂದು ಮಧ್ಯಾಹ್ನ ಚೊಂಬಿನ ಚಿತ್ರ ಒತ್ತಿದರೆ, ವಾರ್ತೆ ಓದುವ ಹೆಣ್ಣು ದನಿಯಲ್ಲಿ, ದಯವಿಟ್ಟು ನನಗೆ ಕುಡಿಯಲು ನೀರು ನೀಡಿ ಎಂದಿತು. ನನಗೆ ಅಳು ಬಂತು. ಖುಷಿಗೋ ಸುಸ್ತಿಗೋ ಗೊತ್ತಿಲ್ಲ.

ಆ ದನಿ ಇಟ್ಟುಕೊಂಡರೆ ಇವರು ಫೋನನ್ನೇ ಎಸೆದಾರು. ಈಗ ಹೊಟೇಲು ನೋಡಿಕೊಳ್ಳುವವನು ಮೈದುನ, ಅವನ ದನಿ ಥೇಟ್ ಅಣ್ಣನದೇ. ಅವನನ್ನು ಕೂರಿಸಿ ರೆಕಾರ್ಡ್ ಮಾಡಿಸಿದೆ: ನೀರ್ ಬೇಕು, ಹಸಿವಾಗೇತಿ, ಕಾಲ್ ನೋಯ್ತದ, ಹೊರಗ ಹೋಗಬೇಕು. ಫೋನನ್ನು ಇವರ ಎಡಗೈಗೆ ಕೊಟ್ಟು ಒಂದೊಂದೇ ಒತ್ತಿ ತೋರಿಸಿದೆ. ಇವರು ಪೂರ್ತಿ ಕೇಳಿದರು. ಆಮೇಲೆ ಫೋನನ್ನು ಬೋರಲು ಹಾಕಿ ಗೋಡೆಯ ಕಡೆ ಮುಖ ತಿರುಗಿಸಿದರು. ಮರುದಿನವೂ ಅಷ್ಟೇ. ತುಟಿ ಒಣಗಿದರೂ ಚೊಂಬು ಒತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಯಾರಿಗಾಗಿ ನಾನು ಕಣ್ಣು ಕೆಡಿಸಿಕೊಂಡದ್ದು? ಅಷ್ಟರಲ್ಲಿ ಊಟವೂ ಎರಡು ತುತ್ತಿಗೆ ಇಳಿದಿತ್ತು. ಹೀಗೆ ಮುಖ ತಿರುಗಿಸಿಕೊಂಡೇ ಇದ್ದರೆ ಮನುಷ್ಯ ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಸಿಟ್ಟಿನ ಕೆಳಗೆ ಆ ಭಯ ಇತ್ತು.

ಒಂದು ದಿನ, ಕಂಪ್ಲಿಯಿಂದ ನಮಗೆ ಅಕ್ಕಿ ತಂದು ಹಾಕುವ ಹಿರಿಯರು ಇವರನ್ನು ನೋಡಲು ಬಂದರು. ಏನು ಮಾತಾಡಬೇಕೆಂದು ತೋಚದೆ ಬಾಗಿಲಲ್ಲೇ ನಿಂತರು. ಇವರ ಬಾಯಿ ಒಂದು ಕಡೆಗೆ ಎಳೆಯಿತು, ಕುತ್ತಿಗೆಯ ನರ ಉಬ್ಬಿತು, ಎಡಗೈ ಮಂಚದ ಅಂಚನ್ನು ಬಡಿಯತೊಡಗಿತು. ನೋವೇನೋ ಎಂದು ನಾನು ಫೋನು ಹಿಡಿದರೆ ತಳ್ಳಿಬಿಟ್ಟರು. ಹಿರಿಯರು ಗಾಬರಿಯಾಗಿ, ತ್ರಾಸು ತಗೋಬ್ಯಾಡ್ರಿ ಎಂದು ಹಾಗೇ ಹೊರಟುಹೋದರು. ಇವರು ಅತ್ತರು. ನಮ್ಮ ಬಾಗಿಲಿಗೆ ಬಂದು ಚಹಾ ಕುಡಿಯದೆ ಯಾರೂ ಹೋದದ್ದಿಲ್ಲ. ಇವರು ಮಂಚ ಬಡಿದದ್ದು ಕುಂದ್ರಿ ಎನ್ನಲಿಕ್ಕೆ. ಜನ್ಮವಿಡೀ ಮಂದಿಗೆ ಏನ್ ಬೇಕ್ರಿ ಎಂದು ಕೇಳಿದವರ ಕೈಗೆ ನಾನು ಬರೀ ನನಗೆ ಬೇಕು, ನನಗೆ ಬೇಕು ಎನ್ನುವ ಬಟನ್ನು ಕೊಟ್ಟಿದ್ದೆ.

ಮತ್ತೆ ಕೋಡು, ಮತ್ತೆ ಕೆಂಪು, ಮತ್ತೆ ಕ್ಷಮೆ. ಮೈದುನ ಮತ್ತೆ ದನಿ ಕೊಟ್ಟ: ಬರ್ರಿ, ಕುಂದ್ರಿ. ಏನ್ ಕೊಡ್ಲಿ? ಮಿರ್ಚಿ ಬಿಸಿ ಅದಾವ. ಹೋಗಿಬರ್ರಿ. ಇವರು ಮೊದಲನೆಯದನ್ನು ಒತ್ತಿ ಕೇಳಿದರು, ಮತ್ತೆ ಒತ್ತಿದರು. ಮಂಚವನ್ನು ಹೊಟೇಲಿನ ಮುಂದೆ ತಂದು ಹಾಕಿದೆವು. ಸೈಕಲ್ಲಿನಲ್ಲಿ ಹಂಪಿಗೆ ಹೋಗುವವರು, ಆಟೋದವರು, ಬಾಳೆತೋಟದ ಆಳುಗಳು, ಎಲ್ಲರಿಗೂ ಮರ್ಯಾದೆ. ವಾರ ಕಳೆಯುವುದರೊಳಗೆ ಇವರು ತಟ್ಟೆ ಖಾಲಿ ಮಾಡತೊಡಗಿದರು. ನನ್ನ ಭಯ ಇಳಿಯಿತು, ಕೆಲಸ ಏರಿತು. ಫೋನು ಕರೆದವರಿಗೆಲ್ಲ ಚಹಾ ಕಾಸುವವಳು ನಾನೇ ತಾನೆ.

ಊರಿಗೆಲ್ಲ ಮಾತು ಸಿಕ್ಕಿತು, ನನ್ನ ಪಾಲಿಗೆ ಅದರಲ್ಲಿ ಏನೂ ಇರಲಿಲ್ಲ. ಸಣ್ಣತನವೇ ಇರಬಹುದು, ಹೊಟ್ಟೆಕಿಚ್ಚಾಯಿತು. ಹೆಂಡತಿಯನ್ನು ಕರೆಯಲು ಒಂದು ಬಟನ್ ಬೇಕು ಎಂದು ಎಐಗೆ ಬರೆದೆ. ಏನೆಂದು ಕರೆಯಬೇಕು, ಪ್ರಿಯೆ ಅಥವಾ ಚಿನ್ನ ಎನ್ನಬಹುದೇ ಎಂದಿತು. ಅದೂ ಮೈದುನನ ದನಿಯಲ್ಲಿ! ಬಹಳ ದಿನಗಳ ಮೇಲೆ ಒಬ್ಬಳೇ ನಕ್ಕೆ. ಇವರು ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಮಿರ್ಚಿ ಕರಿಯುತ್ತ ಸೌಟಿನಿಂದ ಬಾಣಲೆಯ ಅಂಚಿಗೆ ಬಡಿಯುತ್ತಿದ್ದರು. ಅದು ನನಗೆ ಎಂದು ಗೊತ್ತಿರುತ್ತಿತ್ತು, ಬರುತ್ತಿದ್ದೆ. ಅದೇ ಬಾಣಲೆ ಬಡಿದು ಆ ಸದ್ದನ್ನು ಹಾಕಿದೆ, ಮೇಲೊಂದು ಸೌಟಿನ ಚಿತ್ರ.

ಮರುದಿನ ಗಿರಾಕಿಗಳೆಲ್ಲ ಹೋದ ಮೇಲೆ ಒಳಗೆ ಪಾತ್ರೆ ತಿಕ್ಕುತ್ತಿದ್ದಾಗ ಬಾಣಲೆಯ ಸದ್ದು ಬಂತು. ಸೋಪಿನ ಕೈಯಲ್ಲೇ ಓಡಿ ಬಂದೆ. ನೀರು ಬೇಕೇ ಎಂದರೆ ತಲೆ ಅಲ್ಲಾಡಿಸಿದರು. ಕಾಲು ನೋವೇ ಎಂದರೆ ಅದೂ ಅಲ್ಲ.

"ಮತ್ಯಾಕ ಕರದ್ರಿ? ಕೆಲಸ ಬಿದ್ದಾವ ನನಗ," ಎಂದು ರೇಗಿದೆ.

ನಾನು ಎದುರಿಗೇ ನಿಂತಿದ್ದರೂ ಇವರು ನನ್ನನ್ನೇ ನೋಡುತ್ತ ಅದನ್ನೇ ಮತ್ತೆ ಒತ್ತಿದರು. ಸೆರಗಿಗೆ ಕೈ ಒರೆಸಿಕೊಂಡು ಮಂಚದ ಮೇಲೆ ಇವರ ಪಕ್ಕ ಕೂತೆ. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು, ಏಳಲಿಲ್ಲ.