ಹುಣಸೆಹಣ್ಣಿನ ಭರಣಿಯಲ್ಲಿ ಸೀಟಿ

ನಮ್ಮ ಮನೆಯಲ್ಲಿ ಕೋಳಿಗಿಂತ ಮೊದಲು ಸೀಟಿ ಕೂಗುತ್ತಿತ್ತು. ಅಪ್ಪಯ್ಯ ತೀರ್ಥಹಳ್ಳಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ನಾನು ಅವರ ಒಬ್ಬಳೇ ಮಗಳು, ಓಟದಲ್ಲಿ ಯಾವಾಗಲೂ ಕೊನೆಯವಳು. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನಾಗ ಏಳನೇ ಕ್ಲಾಸು ಮುಗಿಸಿ ಅಪ್ಪಯ್ಯನ ಶಾಲೆಗೇ ಸೇರಿದ್ದೆ. ಅಲ್ಲಿನ ಮೊದಲ ಆಟೋಟದಲ್ಲೇ ಎಲ್ಲರೂ ಗೆರೆ ಮುಟ್ಟಿ ನೀರು ಕುಡಿದ ಮೇಲೆ ನಾನು ತಲುಪಿದೆ. "ಡ್ರಿಲ್ ಮೇಷ್ಟ್ರ ಮಗಳಾ ಇವಳು?" ಎಂದು ಯಾರೋ ಕೇಳಿದ್ದು ನಮ್ಮಿಬ್ಬರ ಕಿವಿಗೂ ಬಿತ್ತು.

ಮರುದಿನದಿಂದ ಬೆಳಗ್ಗೆ ಅಂಗಳದಲ್ಲಿ ಹತ್ತು ಸುತ್ತು. ಸೀಟಿ ಊದಿದರೆ ಓಡಬೇಕು, ಮತ್ತೆ ಊದಿದರೆ ನಿಲ್ಲಬೇಕು. ನಾನು ಕಲಿತದ್ದು ಹೊಟ್ಟೆನೋವು ಮಾತ್ರ. ಮೊದಮೊದಲು ಸುಳ್ಳು ನೋವು, ಆಮೇಲಾಮೇಲೆ ಸೀಟಿ ಕೇಳಿದರೆ ನಿಜವಾಗಿಯೂ ಹೊಟ್ಟೆ ಕಿವುಚುತ್ತಿತ್ತು. ಮುಂದಿನ ವರ್ಷದ ಆಟೋಟಕ್ಕೆ ಹದಿನೈದು ದಿನ ಇರುವಾಗ ನಾನು ಅಡುಗೆಮನೆಯಲ್ಲಿ ಅಮ್ಮನ ಮುಂದೆ ಅತ್ತೆ. "ನಾನು ಇನ್ನು ಶಾಲೆಗೇ ಹೋಗಲ್ಲ" ಎಂದೆ.

ಅಮ್ಮ ರಾತ್ರಿ ಊಟ ಬಡಿಸುವಾಗ, "ಭಾನುವಾರ ಮೂವರೂ ಕವಲೇದುರ್ಗಕ್ಕೆ ಹೋಗಿ ಬರನ. ನಾ ಚಿತ್ರಾನ್ನ ಕಟ್ತೀನಿ" ಎಂದಳು. ಗುಡ್ಡ ಹತ್ತಿದರೆ ಕಾಲು ಗಟ್ಟಿಯಾಗುತ್ತದೆಂದು ಅಪ್ಪಯ್ಯನೂ ಒಪ್ಪಿದರು.

ಬಸ್ಸಿಳಿದು ನಡೆದು ಕೋಟೆಯ ಮೊದಲ ಬಾಗಿಲು ದಾಟುವಾಗ ನಾನು ಹಿಂದೆ ಬಿದ್ದೆ. ಅಪ್ಪಯ್ಯನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಆ ಜೇಬು, ಈ ಜೇಬು, ಚೀಲ, ಎಲ್ಲ ತಡಕಿದರು. ಸೀಟಿ ಇಲ್ಲ. ಅಮ್ಮ ಮಾತ್ರ ಕೋಟೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು.

ಮೇಲೆ ಹೋಗಿ ಚಿತ್ರಾನ್ನ ತಿಂದಾದ ಮೇಲೆ ಅವಳು ಒಂದು ಕೋಲು ಹುಡುಕಿ ಮಣ್ಣಿನಲ್ಲಿ ಕುಂಟೆಬಿಲ್ಲೆಯ ಎಂಟು ಮನೆ ಗೀಚಿದಳು. ಸೆರಗು ಸಿಕ್ಕಿಸಿ, ಚಪ್ಪಟೆ ಕಲ್ಲೊಂದನ್ನು ಎಸೆದು, ಒಂಟಿ ಕಾಲಲ್ಲಿ ಎಂಟೂ ಮನೆ ಕುಪ್ಪಳಿಸಿ ಬಂದಳು. ನನ್ನ ಅಮ್ಮನಿಗೆ ಇದೆಲ್ಲ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ.

"ಹೆಣ್ಮಕ್ಕಳ ಆಟ" ಎಂದರು ಅಪ್ಪಯ್ಯ.

"ಹೌದಾ? ಆಡಿ ನೋಡನ" ಎಂದಳು ಅಮ್ಮ.

ಅವರು ಎರಡನೇ ಮನೆಯಲ್ಲೇ ತೂರಾಡಿದರು. "ಅಪ್ಪಯ್ಯ, ಗೆರೆ ತುಳಿದ್ರಿ, ಔಟು!" ಎಂದು ಕಿರುಚಿದೆ. ಕಿರುಚಿದ ಮೇಲೆ ಹೆದರಿದೆ. ಅವರು ಕಾಲ ಕೆಳಗೆ ನೋಡಿಕೊಂಡು, "ಹೌದಲ್ಲ ಮಾರಾಯ್ತಿ" ಎಂದು ನಕ್ಕುಬಿಟ್ಟರು. ಆಮೇಲೆ ಎಷ್ಟು ಸಲ ಆಡಿದೆವೋ ತಿಳಿಯದು. ನನ್ನ ಲಂಗ ಬೆವರಿಗೆ ಒದ್ದೆಯಾಗಿತ್ತು, ಹೊಟ್ಟೆ ತಣ್ಣಗಿತ್ತು. ಬಸ್ಸಿನಲ್ಲಿ ಅಪ್ಪಯ್ಯನ ತೋಳಿಗೆ ಒರಗಿ ನಿದ್ದೆ ಹೋದೆ.

ಮನೆಗೆ ಬಂದ ಮೇಲೆ ಅಮ್ಮ ಹುಣಸೆಹಣ್ಣಿನ ಭರಣಿಯಿಂದ ಸೀಟಿ ತೆಗೆದು ಅವರ ಕೈಗಿಟ್ಟಳು. "ಶಾಲೇಲಿ ಊದಿ" ಎಂದಳು, ಅಷ್ಟೇ.

ಮರುದಿನ ಎಚ್ಚರವಾದರೂ ನಾನು ಕಣ್ಣು ಮುಚ್ಚಿ ಕಾದೆ. ಸೀಟಿ ಬರಲಿಲ್ಲ. ಅಂಗಳದಿಂದ ಧೊಪ್ ಧೊಪ್ ಎಂಬ ಸದ್ದು ಬರುತ್ತಿತ್ತು. ಎದ್ದು ನೋಡಿದರೆ ಅಪ್ಪಯ್ಯ ಪಂಚೆ ಎತ್ತಿ ಕಟ್ಟಿ, ಎಂಟು ಮನೆ ಗೀಚಿಕೊಂಡು ಒಬ್ಬರೇ ಕುಂಟುತ್ತಿದ್ದಾರೆ. "ಬಾ, ಗೆರೆ ತುಳಿದ್ನಾ ನೋಡು" ಎಂದರು. ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು. ಬಾಗಿಲಲ್ಲೇ ನಿಂತು ಅತ್ತೆ, ಈ ಸಲ ಸುಖಕ್ಕೆ.

ಆಟೋಟದ ದಿನ ಸೀಟಿ ಊದಿದವರು ಅಪ್ಪಯ್ಯನೇ. ಕೊನೆಗೆ ಬಂದವಳು ನಾನೇ. ನಾನು ಗೆರೆ ಮುಟ್ಟಿದಾಗ ಅವರು ಬಗ್ಗಿ, "ಇವತ್ತು ಅಮ್ಮನ್ನ ಸೋಲಿಸ್ಬೇಕು, ಬೇಗ ಮನೆಗೆ ಬಾ" ಎಂದರು. ಆ ಸಂಜೆ ಶಾಲೆಯಿಂದ ಮನೆಯವರೆಗೆ ಎಲ್ಲೂ ನಿಲ್ಲದೆ ಓಡಿದೆ. ಮೊದಲ ಆಟ ನನಗೇ ಬೇಕಿತ್ತು.