ಎಡಗೈಯ ಚಳಿ

ಯಾರಾದರೂ ದೆವ್ವ, ಗಾಳಿ ಎಂದು ಮಾತು ತೆಗೆದರೆ ಟೀ ಲೋಟವನ್ನು ಅಲ್ಲೇ ಇಟ್ಟು ಎದ್ದು ಹೋಗುವ ಮನುಷ್ಯ ನಾನು. ನಮ್ಮ ಕಡೆ ಹುಣಸೆ ಮರಕ್ಕೊಂದು ಕಥೆ, ಹಳ್ಳಕ್ಕೊಂದು ಕಥೆ. ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. "ನೀನು ಕಣ್ಣಾರೆ ನೋಡಿದ್ಯಾ? ಇಲ್ಲ ಅಂದ್ರೆ ಸುಮ್ನಿರು" ಎಂದು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ನಾನೇ ಬರೆಯಲು ಕೂತಿದ್ದೇನೆ. ನಾನೂ ಕಣ್ಣಾರೆ ಏನನ್ನೂ ನೋಡಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದದ್ದೆಲ್ಲ ಕೈಗೆ ಆದದ್ದು. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನನ್ನ ಕಸುಬು ಏನೆಂದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆ ಎಲ್ಲರಿಗೂ ಗೊತ್ತು. ಮಗ್ಗದ ಮೇಲೆ ಒಂದು ಹಾಸು ಮುಗಿದಾಗ ಏನು ಮಾಡುತ್ತಾರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹಾಸು ಎಂದರೆ ಮಗ್ಗದ ಉದ್ದಕ್ಕೂ ಬಿಗಿದಿರುವ ಸಾವಿರಾರು ಎಳೆ. ಹಳೆಯ ಹಾಸಿನ ತುದಿಗಳು ಮಗ್ಗದಲ್ಲೇ ಉಳಿದಿರುತ್ತವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಹಿಡಿದು, ಬೆರಳ ತುದಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಕೂಡಿಸಬೇಕು. ಗಂಟು ಹಾಕುವಂತಿಲ್ಲ. ಆ ಎಳೆ ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ಸಿಕ್ಕುವುದು. ಬೆರಳಿಗೆ ಜೋಮು ಹಿಡಿದರೆ ಆ ದಿನದ ಕೆಲಸ ಕೆಟ್ಟಿತು ಎಂದೇ ಲೆಕ್ಕ.

ನಾನೂ ನನ್ನ ಅಣ್ಣ ಓಬಯ್ಯನೂ ಜೋಡಿಯಾಗಿ ಈ ಕೆಲಸ ಮಾಡುತ್ತಿದ್ದೆವು. ನಾನು ಬಲಗಡೆಯ ಅಂಚಿನಿಂದ, ಅವನು ಎಡಗಡೆಯ ಅಂಚಿನಿಂದ ಶುರು ಮಾಡಿ ನಡುವೆ ಬಂದು ಸೇರುವುದು. ಅಣ್ಣ ಎಡಚ. ನಾನು ಹೊಸೆದ ಎಳೆಯ ಬಾಲ ಬಲಕ್ಕೆ ಮಲಗಿದರೆ ಅವನದು ಎಡಕ್ಕೆ ಮಲಗುತ್ತಿತ್ತು. ಹಾಸೆಲ್ಲ ಕೂಡಿಸಿದ ಮೇಲೆ ನೋಡಿದರೆ ಬೈತಲೆ ತೆಗೆದ ತಲೆಯಂತೆ ನಡುವೆ ಒಂದು ಗೆರೆ ಕಾಣುತ್ತಿತ್ತು. ನಾವಿಬ್ಬರು ಬಿಟ್ಟರೆ ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಆ ಕೂಡುಗಳನ್ನು ಮುಂದಕ್ಕೆ ಎಳೆದು, ಕತ್ತರಿಸಿ ಎಸೆದೇ ನೇಯ್ಗೆ ಶುರು ಮಾಡುತ್ತಾರಲ್ಲ.

ನಾನಿರುವುದು ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲಿನ ಹಿಂದಿನ ಒಂದು ರೂಮಿನಲ್ಲಿ, ಒಬ್ಬನೇ. ಮದುವೆ ಆಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಅಣ್ಣ ದೊಡ್ಡಉಳ್ಳಾರ್ತಿಯಲ್ಲಿ ಅತ್ತಿಗೆಯೊಂದಿಗೆ ಇದ್ದಾನೆ. ಮೊಳಕಾಲ್ಮೂರಿನಿಂದ "ಹಾಸು ಮುಗೀತು, ನಾಳೆ ಬನ್ನಿ" ಎಂದು ಫೋನ್ ಬಂದರೆ ಅವನು ಸಂಜೆಯೇ ಬಸ್ಸಿಗೆ ಬಂದು ನನ್ನ ರೂಮಿನಲ್ಲಿ ಮಲಗುತ್ತಿದ್ದ. ಬೆಳಗಿನ ನಾಲ್ಕೂವರೆಗೆ ನನ್ನ ಬೈಕಿನಲ್ಲಿ ಹೊರಟರೆ ಬೆಳಕಾಗುವ ಹೊತ್ತಿಗೆ ಮಗ್ಗದ ಮುಂದೆ ಇರುತ್ತಿದ್ದೆವು. ಮಗ್ಗ ನಿಂತಷ್ಟು ಹೊತ್ತು ನೇಯುವವರಿಗೆ ಕೂಲಿ ಇಲ್ಲ, ಹಾಗಾಗಿ ತಡ ಮಾಡುವಂತಿರಲಿಲ್ಲ.

ಬಯಲು ಸೀಮೆಯಲ್ಲಿ ಎಂಥ ಚಳಿ ಎಂದು ನೀವು ನಗಬಹುದು. ಪುಷ್ಯ ಮಾಸದ ಬೆಳಗಿನ ಜಾವ ಮೊಳಕಾಲ್ಮೂರಿನ ದಾರಿಯಲ್ಲಿ ತಳಕು ಎಂಬ ಊರು ದಾಟಿ ಬೈಕಿನಲ್ಲಿ ಒಮ್ಮೆ ಹೋಗಿ ನೋಡಿ, ಆಮೇಲೆ ನಗಿ. ತಡೆಯಲು ಒಂದು ಮರವಿಲ್ಲ, ಗಾಳಿ ನೆಟ್ಟಗೆ ಬಂದು ಕೈಗೇ ಹೊಡೆಯುತ್ತದೆ. ಗ್ಲೌಸಿನ ಒಳಗೆ ಪೇಪರ್ ತುರುಕಿದೆ, ಹಾಲಿನ ಪ್ಯಾಕೆಟ್ ಕವರ್ ಹಾಕಿದೆ, ಕಾಲುಚೀಲವನ್ನೂ ಕೈಗೆ ಏರಿಸಿದೆ. ನನ್ನ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ ಬಾಷಾ, "ಭಾಯ್, ಹಳೇ ಟ್ಯೂಬ್ ಕತ್ತರ್ಸಿ ಹ್ಯಾಂಡಲ್‌ಗೆ ಕಟ್ತೀನಿ, ಒಳಗೆ ಕಂಬಳಿ ತುಂಡು ಇಟ್ಕೊಳ್ಳಿ, ಫಿಕರೇ ಇರಲ್ಲ" ಎಂದಿದ್ದ. ಗಾಡಿಗೆ ಕಿವಿ ಬಂದ ಹಾಗೆ ಕಾಣುತ್ತದೆ ಎಂದು ನಾನೇ ಬೇಡವೆಂದೆ.

ನಿಜ ಹೇಳಬೇಕೆಂದರೆ ನನಗೆ ಇದ್ದ ಉಪಾಯ ಅಣ್ಣನೇ. ತಳಕು ದಾಟಿದ ಮೇಲೆ ರಸ್ತೆ ನೆಟ್ಟಗಿದೆ. ಬಲಗೈ ಎಕ್ಸಲೇಟರ್ ಬಿಡುವಂತಿಲ್ಲ, ಎಡಗೈ ಬಿಡಬಹುದು. ಹಿಂದೆ ಕೂತ ಅಣ್ಣ ನನ್ನ ಎಡಗೈಯನ್ನು ಎಳೆದುಕೊಂಡು, ಗ್ಲೌಸ್ ಕಿತ್ತು, ತನ್ನ ಕಂಬಳಿಯೊಳಗೆ ಸೇರಿಸಿ ಉಜ್ಜುತ್ತಿದ್ದ. ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ಹೀಗೆ ಒಂದೊಂದೇ. ಗಾಡಿ ನಿಲ್ಲಿಸಿದಾಗ ಬಲಗೈಗೂ ಅದೇ ಉಪಚಾರ. "ಇಂಜಿನ್ ಮ್ಯಾಲೆ ಮಾತ್ರ ಕೈ ಇಡಬ್ಯಾಡಲೇ. ಜೋಮು ಹಿಡಿದ ಕೈಗೆ ಸುಟ್ಟಿದ್ದು ಗೊತ್ತಾಗಲ್ಲ. ಬೆರಳ ತುದಿ ಹೋದ್ರೆ ನಮ್ಗೇನೈತೆ?" ಎನ್ನುತ್ತಿದ್ದ.

ತಪ್ಪು ಮಾಡಿದ್ದು ನಾನು. ಒಂದು ಚಳಿಗಾಲ, ನಮ್ಮವ್ವ ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಕಡಲೆಕಾಯಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಕೈಗೆ ತಿಕ್ಕಿಕೊಂಡು ಗ್ಲೌಸ್ ಹಾಕಿಕೊಂಡೆ. ಎಣ್ಣೆ ಮಿಲ್ಲಿನ ಹಿಂದೆ ಇರುವವನಿಗೆ ಬೇರೆ ಏನು ಹೊಳೆಯುತ್ತದೆ! ಕೈ ಬೆಚ್ಚಗೇನೋ ಇತ್ತು. ಮೊಳಕಾಲ್ಮೂರಿನಲ್ಲಿ ಇಳಿದು ಟವೆಲ್ಲಿಗೆ ಒರೆಸಿಕೊಂಡೆ, ಬೂದಿ ಮುಟ್ಟಿಕೊಂಡೆ, ಆಯಿತು ಅಂದುಕೊಂಡೆ. ಕೆಲಸ ಮಾಡುತ್ತಾ ಕೈ ಬೆವರಿತು. ಚರ್ಮದೊಳಗಿನ ಎಣ್ಣೆಯನ್ನೆಲ್ಲ ಕೂಡಿನಾಚೆ ಕೈ ತಾಗಿದ ಹೊಸ ಹಾಸಿನ ರೇಷ್ಮೆಯೂ ಹೀರಿಕೊಂಡಿತು. ಎಂಟು ದಿನಕ್ಕೆ ಮಗ್ಗದ ಯಜಮಾನರು ನಮ್ಮಿಬ್ಬರನ್ನೂ ಕರೆಸಿದರು. ಅದು ಮದುವೆ ಹೆಣ್ಣಿನ ಸೀರೆ. ಸೆರಗಿನ ಬಲಭಾಗವೆಲ್ಲ ಮಬ್ಬು ಮಬ್ಬು ಕಲೆ.

"ಬಲಗಡೆ ಕೂತಿದ್ದೋನು ಯಾರಯ್ಯಾ?" ಎಂದು ಕೇಳಿದರು. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅಣ್ಣ ಒಂದು ಕ್ಷಣವೂ ಯೋಚಿಸದೆ, "ನಾನೇ ರೀ" ಎಂದ. ಇನ್ನು ಮೇಲೆ ನನ್ನ ಮಗ್ಗ ಮುಟ್ಟಬೇಡ ಎಂದರು ಅವರು. ಅದು ಚಿಕ್ಕ ಊರು. ಸಂಜೆಯೊಳಗೆ ಓಬಯ್ಯನ ಕೈ ಎಣ್ಣೆ ಕೈ ಎಂದು ಮಗ್ಗದ ಬೀದಿಗೆಲ್ಲ ಗೊತ್ತಾಯಿತು.

ಹೊರಗೆ ಬಂದು ನಾನು ಏನೋ ಹೇಳಲು ಹೋದೆ. "ಸುಮ್ಕಿರಲೇ. ನಂಗೆ ಮನೆ ಐತೆ, ನಿಮ್ಮತ್ತಿಗೆ ಅದಾಳೆ. ನಿಂಗೇನೈತೆ?" ಎಂದ. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮಾತು ನನಗೆ ನಾಟಿತು. ತಪ್ಪು ನನ್ನದು, ಸಿಟ್ಟು ಮಾಡಿಕೊಂಡವನೂ ನಾನೇ! ವರ್ಷ ಪೂರ್ತಿ ದೊಡ್ಡಉಳ್ಳಾರ್ತಿಯ ಕಡೆ ತಲೆ ಹಾಕಲಿಲ್ಲ. ಯುಗಾದಿಗೆ ಅತ್ತಿಗೆ ಫೋನ್ ಮಾಡಿ ಕರೆದಾಗ ಕೆಲಸವಿದೆ ಎಂದೆ. ರೂಮಿನಲ್ಲಿ ಅಣ್ಣನ ಚಾಪೆ ಸುತ್ತಿ ಗೋಡೆಗೆ ಒರಗಿಸಿಟ್ಟಿದ್ದೆ. ಅವನು ಊರ ಹತ್ತಿರ ಯಾವುದೋ ಕಾಂಪೌಂಡ್ ಕಟ್ಟುವ ಕಡೆ ಕಲ್ಲು ಹೊರುತ್ತಿದ್ದಾನೆ ಎಂದು ಯಾರೋ ಹೇಳಿದರು. ಆ ಬೆರಳುಗಳಲ್ಲಿ ಕಲ್ಲು! ಅವತ್ತು ನನಗೆ ಊಟ ಸೇರಲಿಲ್ಲ.

ಮಾರನೆಯ ಚಳಿಗಾಲ ಬಂತು. ಒಬ್ಬನೇ ಕೂಡಿಸುವುದರಿಂದ ನನ್ನ ಕೆಲಸ ಕತ್ತಲಾಗುವವರೆಗೂ ಹಿಡಿಯುತ್ತಿತ್ತು, ಒಂದೊಂದೇ ಮನೆಯವರು ಬೇರೆಯವರನ್ನು ಕರೆಯತೊಡಗಿದ್ದರು. ಲಕ್ಷ್ಮಕ್ಕ ಎಂಬ ಹೆಣ್ಣುಮಗಳು ಸ್ವಂತ ಮಗ್ಗ ಇಟ್ಟುಕೊಂಡು ನೇಯುತ್ತಿದ್ದಳು. ಅವಳು ಫೋನ್ ಮಾಡಿ, "ಮಧ್ಯಾಹ್ನದೊಳಗೆ ಆಗುತ್ತೆ ಅಂದ್ರೆ ಬಾರಪ್ಪ, ಇಲ್ಲಾಂದ್ರೆ ಬೇರೆಯೋರಿಗೆ ಹೇಳ್ತೀನಿ" ಎಂದಳು. ಆಗುತ್ತೆ ಎಂದುಬಿಟ್ಟೆ. ಹೇಗೆ ಆಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಆ ಬೆಳಗಿನ ಜಾವ ಹೊರಟಾಗ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ತಳಕು ದಾಟಿ ಬಿ.ಜಿ.ಕೆರೆ ಇನ್ನೂ ದೂರ ಇರುವಾಗ ಕ್ಲಚ್ ಹಿಡಿಯಲು ಹೋದರೆ ಬೆರಳು ಮಡಚಲಿಲ್ಲ. ಹೇಗೋ ಗಾಡಿ ನಿಲ್ಲಿಸಿ, ಗ್ಲೌಸನ್ನು ಹಲ್ಲಿನಿಂದ ಕಿತ್ತು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೆ. ಏನೂ ಉಪಯೋಗವಾಗಲಿಲ್ಲ. ಇಂಜಿನ್ ಮೇಲೆ ಇಡೋಣ ಎಂದು ಬಗ್ಗಿದೆ. ಅಣ್ಣನ ಮಾತು ನೆನಪಾಗಿ ಕೈ ಹಿಂದಕ್ಕೆ ಬಂತು. ಆ ಕತ್ತಲಲ್ಲಿ, ಕೈಲಾಗದೆ, ನಲವತ್ತು ದಾಟಿದ ಗಂಡಸು ನಾನು, ಅತ್ತುಬಿಟ್ಟೆ. "ಅಣ್ಣಾ, ಕೈ ಬರ್ತಿಲ್ಲ ಕಣೋ" ಎಂದು ಜೋರಾಗಿಯೇ ಕೂಗಿದೆ. ಯಾರು ಕೇಳಬೇಕು ಅಲ್ಲಿ!

ನಿಂತರೆ ಆಗುವುದಿಲ್ಲವೆಂದು ಮತ್ತೆ ಹೊರಟೆ. ಎಡಗೈ ಗ್ಲೌಸ್ ಹಾಕಿಕೊಳ್ಳಲೂ ಆಗಲಿಲ್ಲ, ಜೇಬಿಗೆ ತುರುಕಿದೆ. ಸ್ವಲ್ಪ ದೂರ ಹೋಗಿದ್ದೆನಷ್ಟೆ. ಆ ಬರಿಗೈಯ ಕಿರುಬೆರಳು ಬೆಚ್ಚಗಾಯಿತು. ನೆತ್ತರು ಹರಿಯುವಾಗ ಚುಚ್ಚುತ್ತದಲ್ಲ, ಹಾಗಲ್ಲ. ಯಾರೋ ಹಿಡಿದು ಉಜ್ಜಿದರೆ ಆಗುವ ಕಾವು. ಆಮೇಲೆ ಉಂಗುರದ ಬೆರಳು. ಆಮೇಲೆ ನಡುಬೆರಳು. ಕೈ ಹ್ಯಾಂಡಲ್ ಮೇಲೆಯೇ ಇತ್ತು, ಗಾಳಿ ಬಡಿಯುತ್ತಲೇ ಇತ್ತು. ಕನ್ನಡಿಯಲ್ಲಿ ನೋಡಿದೆ, ಕತ್ತಲೆ. ತಿರುಗಿ ನೋಡಲಿಲ್ಲ. ಭಯವಾಯಿತೇ ಎಂದು ಕೇಳಿದರೆ, ಇಲ್ಲ. ಹಿಂದೆ ಯಾರೂ ಇಲ್ಲವೆಂದು ಖಾತ್ರಿಯಾದರೆ ಕೈ ಮತ್ತೆ ತಣ್ಣಗಾಗುತ್ತದೆ ಎಂದು ಹೆದರಿದೆ, ಅಷ್ಟೆ. ಮೊಳಕಾಲ್ಮೂರಿಗೆ ಮುಂಚೆ ಸಿಗುವ ಹಾನಗಲ್ ಬರುವಷ್ಟರಲ್ಲಿ ಬಲಗೈಯೂ ಸರಿಹೋಗಿತ್ತು.

ಲಕ್ಷ್ಮಕ್ಕನ ಮನೆಯಲ್ಲಿ ಎಂದಿನಂತೆ ಬಲ ಅಂಚಿನಿಂದ ಶುರು ಮಾಡಿದೆ. ಬೆರಳು ಹಾಗೆ ಓಡಿದ್ದು ನನ್ನ ಆಯುಸ್ಸಿನಲ್ಲೇ ಇಲ್ಲ. ತಲೆ ಎತ್ತಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಮುಂದಿನ ಎಳೆಗೆಂದು ಕೈ ಚಾಚಿದರೆ ಎಳೆಯೇ ಇರಲಿಲ್ಲ. ಹಾಸಿನ ನಡುವೆ ಬಂದಿದ್ದೆ. ಅಲ್ಲಿಂದಾಚೆಗೆ ಎಲ್ಲವೂ ಆಗಲೇ ಕೂಡಿತ್ತು. ಬಗ್ಗಿ ನೋಡಿದೆ. ನನ್ನ ಕಡೆಯ ಬಾಲಗಳು ಬಲಕ್ಕೆ, ಆ ಕಡೆಯವು ಎಡಕ್ಕೆ. ನಡುವೆ ಬೈತಲೆ.

"ಲಕ್ಷ್ಮಕ್ಕ, ಈ ಕಡೆ ಯಾರು ಕೂತಿದ್ರು?" ಎಂದೆ. ಅವಳು ಅಡುಗೆ ಮನೆಯಿಂದ ಇಣುಕಿ, "ಏಮಯ್ಯಾ, ನಿದ್ದೆಗಣ್ಣಾ? ಟೀ ತಂದಾಗ ನೀನೇ ಆ ಕಡೆ ಕೂತಿದ್ದೆ. ಕಂಬಳಿ ಹೊದ್ಕೊಂಡು ತಲೆ ಬಗ್ಗಿಸಿದ್ದೆ, ಕರೆದ್ರೂ ಓ ಅನ್ನಲಿಲ್ಲ" ಎಂದಳು. ಟೀ ಲೋಟ ಎಡಗಡೆಯ ಅಂಚಿನ ಹತ್ತಿರ ಇತ್ತು, ಕುಡಿದಿರಲಿಲ್ಲ. ನಾನು ಕಂಬಳಿ ಒಯ್ಯುವವನಲ್ಲ. ಜರ್ಕಿನ್ ಹಾಕಿದ್ದೆ. ಆದರೂ ನಾನೇ ಮೈಮರೆತು ಎಡಗಡೆ ಹೋಗಿ ಕೂತಿದ್ದಿರಬಹುದು, ಅವಳಿಗೆ ಒಲೆಯ ಹೊಗೆಯಲ್ಲಿ ಜರ್ಕಿನ್ನೇ ಕಂಬಳಿಯಾಗಿ ಕಂಡಿರಬಹುದು. ಹಾಗೆಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಎಡಗೈಯಲ್ಲಿ ಹೊಸೆಯಲು ಆಮೇಲೆ ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಹತ್ತು ಎಳೆ ಕೂಡ ನಿಲ್ಲಲಿಲ್ಲ.

ಅಲ್ಲಿಂದ ನೇರ ದೊಡ್ಡಉಳ್ಳಾರ್ತಿಗೆ ಹೋದೆ. ಅಣ್ಣ ಒಲೆಯ ಮುಂದೆ ಕೂತಿದ್ದ. ಅತ್ತಿಗೆ ಅವನ ಎಡಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಉಜ್ಜುತ್ತಿದ್ದಳು. ನನ್ನನ್ನು ಕಂಡದ್ದೇ, "ನೋಡಪ್ಪ, ಕೋಳಿ ಕೂಗೋ ಹೊತ್ತಿಂದ ಹಿಂಗೇ ಐತೆ. ಬಿಸಿಲೇರೋ ತನಕ ಎಬ್ಬಿಸಿದ್ರೂ ಏಳಲಿಲ್ಲ, ಮೈಯೆಲ್ಲ ಬೆಚ್ಚಗೈತೆ, ಈ ಕೈ ಒಂದು ಕಲ್ಲಾಗೈತೆ" ಎಂದಳು. ಮುಟ್ಟಿ ನೋಡಿದೆ. ರಾತ್ರಿಯೆಲ್ಲ ಬಯಲಲ್ಲಿಟ್ಟ ನೀರಿನಷ್ಟು ತಣ್ಣಗಿತ್ತು. ಅವನ ಕಂಬಳಿ ಪಕ್ಕದಲ್ಲಿತ್ತು. ಅದರಲ್ಲಿ ಬೂದಿ ಇತ್ತು. ಒಲೆಯ ಮುಂದೆ ಕೂತವನ ಕಂಬಳಿಯಲ್ಲಿ ಬೂದಿ ಇರುವುದು ಹೊಸದೇನಲ್ಲ.

ನಾನು ಆ ಕೈ ಹಿಡಿದುಕೊಂಡೇ ಹೇಳಿದೆ. "ಅಣ್ಣ, ಆ ಎಣ್ಣೆ ನನ್ನ ಕೈದು. ಬಾಯಿ ಬಿಡಲಿಲ್ಲ ನಾನು, ಹೇಡಿ." ಅವನು ನಕ್ಕ. "ಗೊತ್ತಿತ್ತು ಕಣಲೇ. ಅವತ್ತು ಗಾಡಿ ಮ್ಯಾಲೆ ನಿನ್ ಕೈ ಉಜ್ಜಿದ್ನಲ್ಲ, ನನ್ ಕೈಗೂ ಹತ್ತಿತ್ತು. ನಾನು ಸೋಪ್ ಹಾಕ್ಕಂಡು ತೊಳ್ಕಂಡೆ. ನಿಂಗೆ ತೊಳ್ಕಳಲೇ ಅನ್ನೋದು ಮರ್ತೆ." ಬೆಳಗಿನ ವಿಷಯ ಕೇಳಿದೆ. ಮಲಗಿದ್ದೆ, ಕನಸೂ ಬೀಳಲಿಲ್ಲ ಎಂದ.

ಮರುದಿನವೇ ಆ ಯಜಮಾನರ ಮನೆಗೆ ಹೋಗಿ ನಿಜ ಹೇಳಿದೆ. ಅವರು, "ಓಬಯ್ಯನ್ನ ಕರ್ಕೊಂಡು ಬಾ" ಎಂದರು. ಕರೆದುಕೊಂಡು ಹೋಗಲು ಏನು ಉಳಿದಿತ್ತು? ಕೈಗೆ ಕಾವು ಬಂದರೂ ಅಣ್ಣನ ಎಡಗೈ ಬೆರಳುಗಳಿಗೆ ಸ್ಪರ್ಶ ಮರಳಲಿಲ್ಲ. ಚಳ್ಳಕೆರೆಯ ಡಾಕ್ಟರು ನರದ ತೊಂದರೆ ಎಂದರು, ಕಲ್ಲು ಹೊತ್ತದ್ದರಿಂದ ಇರಬಹುದು ಎಂದರು. ಇರಬಹುದು. ಈಗ ಅವನು ಒಂದು ಗೇಟಿನಲ್ಲಿ ಕಾವಲು ಕೂರುತ್ತಾನೆ. ರೇಷ್ಮೆಯ ಎಳೆಯನ್ನು ಅವನ ಬೆರಳ ಮೇಲೆ ಇಟ್ಟರೆ, ಇಟ್ಟದ್ದೇ ಅವನಿಗೆ ತಿಳಿಯುವುದಿಲ್ಲ.

ಅವತ್ತಿನ ಒಂದು ಹಿಡಿ ಕೂಡುಗಳನ್ನು ಕತ್ತರಿಸಿ ತಂದಿದ್ದೇನೆ. ಡಬ್ಬಿಯಲ್ಲಿವೆ. ಅರ್ಧ ಬಲಕ್ಕೆ, ಅರ್ಧ ಎಡಕ್ಕೆ.

ಈಗಲೂ ಚಳಿಗಾಲದಲ್ಲಿ ಆ ದಾರಿಯಲ್ಲಿ ಒಬ್ಬನೇ ಹೋಗುತ್ತೇನೆ. ತಳಕು ದಾಟಿ ಆ ಜಾಗ ಬಂದಾಗ ಎಡಗೈಯ ಗ್ಲೌಸ್ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. "ವಾಪಸ್ ತಗೋ ಅಣ್ಣ" ಎನ್ನುತ್ತೇನೆ. ಹುಚ್ಚು ಎನ್ನಿ. ಕೈ ಮರಗಟ್ಟುವವರೆಗೂ ಹಾಗೇ ಓಡಿಸುತ್ತೇನೆ. ಇದನ್ನು ಅತ್ತಿಗೆಗಾಗಲಿ, ಅಣ್ಣನಿಗಾಗಲಿ, ಇನ್ಯಾರಿಗಾಗಲಿ ಹೇಳಿಲ್ಲ. ಇಲ್ಲೇ ಮೊದಲು ಬರೆಯುತ್ತಿರುವುದು. ಬೆಳಕಾದ ಮೇಲೆ ಹಾನಗಲ್‌ನಲ್ಲಿ ನಿಂತು ಅವನಿಗೆ ಫೋನ್ ಮಾಡುತ್ತೇನೆ.

"ಕೈ ಹೆಂಗೈತೆ ಅಣ್ಣ?"

"ಹಂಗೇ ಐತೆ ಕಣಲೇ," ಎನ್ನುತ್ತಾನೆ. "ಮೊದ್ಲು ನೀನು ಆ ಗ್ಲೌಸ್ ಹಾಕ್ಕಾ."